ಮರಳುಗಾಡಿನಿಂದ ತಂದ ಚಿತ್ರಗಳು

ಮರುಭೂಮಿ ಅಂದ ಕೂಡಲೇ ನಿಮ್ಮ ಕಣ್ಣಮುಂದೆ ಏನು ಬರುತ್ತೆ? ಮರಳು, ಒಂಟೆ, ಮುಳುಗುವ ಸೂರ್ಯ, ಅಲ್ಲವೇ? ಆ ಚಿತ್ರ ನನ್ನ ಬಳಿಯೂ ಇದೆ. ಜೈಸಲ್ಮೇರಿನ ಆಚೆ ಸಮ್ ಎಂಬಲ್ಲಿ ಸಂಜೆ ತೆಗೆದದ್ದು. ಚೆನ್ನಾಗೇ ಬಂದಿದೆ. ಆದರೆ ಕ್ಯಾಲೆಂಡರಿನಲ್ಲಿ ನೀವು ನೋಡಿರದ್ದು ಅದರಲ್ಲಿ ಏನೂ ಇಲ್ಲ; ಪಕ್ಕಕ್ಕಿಡೋಣ. ಚಳಿಗಾಲದಲ್ಲಿ ನಾನೂ ನಮ್ಮವರೂ ರಾಜಸ್ಥಾನದ ಥಾರ್ ಮರುಭೂಮಿ ಸುತ್ತಿದಾಗ ತೆಗೆದವುಗಳಲ್ಲಿ ನನಗೆ ಪ್ರಿಯವಾದವನ್ನು ಮಾತ್ರ ತೋರಿಸುತ್ತೇನೆ, ಬನ್ನಿ.

ಇದು ಖೀಚನ್. ಫಲೋದಿ ಪಟ್ಟಣದ ಪಕ್ಕದ ಹಳ್ಳಿ. (ಅದೇ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ಬಿಸಿಲು ದಾಖಲಾಗಿತ್ತು. ಹೋಗುವುದಿದ್ದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ ಬಂದುಬಿಡಿ!) ಬೇಲಿ ಹಾಕಿದ ದೊಡ್ಡ ಅಂಗಳ, ಅದರ ತುಂಬ ಕಾಲಿಡಲೂ ಜಾಗವಿಲ್ಲದಂತೆ ಬೂದುಬಣ್ಣದ ಹಕ್ಕಿಗಳು. ಕೊರಳು ಕಪ್ಪು, ಕಣ್ಣು ಕೆಂಪು. ಕಣ್ಣಿನ ಹಿಂದೆ ಬಿಳಿ ಗರಿಯ ಕುಚ್ಚು, ಮಲ್ಲಿಗೆ ಮುಡಿದ ಹಾಗೆ. ಅಲ್ಲಿಯವರು ಕುರ್ಜಾ ಅನ್ನುತ್ತಾರೆ; ಕ್ರೌಂಚಗಳ ಪೈಕಿ ಎಲ್ಲಕ್ಕಿಂತ ಚಿಕ್ಕದು. ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಹೊರಟು ಸೆಪ್ಟೆಂಬರ್ ಹೊತ್ತಿಗೆ ಬಂದು, ಮಾರ್ಚಿನ ತನಕ ಇದ್ದು ಹೋಗುತ್ತವೆ. ಸಾವಿರಾರು!

ಬರುವುದೇಕೆ ಗೊತ್ತೇ? ಬೆಳಿಗ್ಗೆ ಅವು ಇಳಿಯುವ ಮೊದಲೇ ಊರಿನವರು ಅಂಗಳದಲ್ಲಿ ಕಾಳು ಚೆಲ್ಲಿರುತ್ತಾರೆ. ದಿನವೂ ಮೂಟೆಗಟ್ಟಲೆ ಬೇಕು. 1970ರ ದಶಕದಲ್ಲಿ ಪಾರಿವಾಳಗಳಿಗೆಂದು ಹಾಕುತ್ತಿದ್ದ ಕಾಳಿಗೆ ಈ ಅತಿಥಿಗಳೂ ಬಂದು ಸೇರಿಕೊಂಡವಂತೆ. ಊರು ಬಿಟ್ಟು ದೂರದಲ್ಲಿ ವ್ಯಾಪಾರ ಮಾಡುವ ಜೈನ ಕುಟುಂಬಗಳೂ ಕಾಳಿಗೆ ಹಣ ಕಳಿಸುತ್ತವೆ. 2025ರಲ್ಲಿ ಖೀಚನ್ನಿನ ಕೆರೆಗಳು ರಾಮ್ಸರ್ ಪಟ್ಟಿಗೂ ಸೇರಿದವು. ಗಂಡ ದೂರದೇಶಕ್ಕೆ ಹೋದ ಹೆಣ್ಣುಮಗಳು ಕುರ್ಜಾ ಹಕ್ಕಿಯ ಕೈಯಲ್ಲಿ ಸುದ್ದಿ ಹೇಳಿ ಕಳಿಸುವ ಜನಪದ ಹಾಡು ಅಲ್ಲಿ ಬಹಳ ಪ್ರಸಿದ್ಧ. ದೂತನಾಗಿ ಬಂದವನಿಗೆ ಉಣ್ಣಲಿಕ್ಕೆ ಇಡದೆ ಕಳಿಸುವುದುಂಟೇ?

ಇನ್ನೊಂದು ಚಿತ್ರ ನೋಡಿ. ಬಿಷ್ಣೋಯಿ ಹಳ್ಳಿಯ ಹೊಲ, ನಡುವೆ ಒಂದು ಮರ, ಅದರ ನೆರಳಲ್ಲಿ ಚಿಂಕಾರ ಜಿಂಕೆ. ನಾವು ಇಳಿದು ನಿಂತರೂ ಓಡಲಿಲ್ಲ. ತಾಯಿ ಸತ್ತ ಜಿಂಕೆಮರಿಗೆ ತಮ್ಮ ಎದೆಹಾಲನ್ನೇ ಕೊಟ್ಟ ತಾಯಂದಿರು ಈ ಬಿಷ್ಣೋಯಿಗಳಲ್ಲಿದ್ದಾರೆ. ಮರ ಯಾವುದು ಅಂತ ಕೇಳಿ. ಅಲ್ಲಿ ಖೇಜ್ರಿ, ನಮ್ಮಲ್ಲಿ ವಿಜಯದಶಮಿಗೆ ಪೂಜಿಸುತ್ತೇವಲ್ಲ, ಅದೇ ಬನ್ನಿ! 1730ರಲ್ಲಿ ಜೋಧಪುರದ ರಾಜನ ಅರಮನೆಗೆ ಸುಣ್ಣ ಸುಡಲು ಸೌದೆ ಬೇಕಾಗಿ ಆಳುಗಳು ಖೇಜಡ್ಲಿ ಗ್ರಾಮಕ್ಕೆ ಕೊಡಲಿ ಹಿಡಿದು ಬಂದರು. ಅಮೃತಾದೇವಿ ಎಂಬ ಗೃಹಿಣಿ ಮರವನ್ನು ತಬ್ಬಿ ನಿಂತಳು, ಅವಳ ಹಿಂದೆ ಮೂವರು ಹೆಣ್ಣುಮಕ್ಕಳು. ಒಟ್ಟು 363 ಜನ ಪ್ರಾಣ ಕೊಟ್ಟರು. ನಾವು ಬನ್ನಿ ಎಲೆಯನ್ನು ಬಂಗಾರವೆಂದು ಹಂಚುವಾಗ ಆ ತಾಯಿಯನ್ನೂ ಒಮ್ಮೆ ನೆನೆಯಬಹುದು.

ಆ ಮರದ ಎಳೆಕಾಯಿಯೇ ಸಾಂಗ್ರಿ. ಒಣಗಿಸಿಟ್ಟರೆ ವರ್ಷವಿಡೀ ಪಲ್ಯ. ರಾತ್ರಿ ನೆನೆಹಾಕಿ, ಬೇಯಿಸಿ ಬಸಿದು, ಕೇರ್ ಎಂಬ ಪುಟ್ಟ ಕಾಯಿಯ ಜೊತೆ ಎಣ್ಣೆ, ಓಮ, ಒಣಮೆಣಸಿನಕಾಯಿ ಒಗ್ಗರಣೆಗೆ ಹಾಕುತ್ತಾರೆ. ಜೋಧಪುರದ ಬಜಾರಿನಲ್ಲಿ ಬೆಲೆ ಕೇಳಿ ನಮ್ಮವರು ಹೌಹಾರಿದರು. ನಾನು ಕಾಲು ಕಿಲೋ ಕಟ್ಟಿಸಿಕೊಂಡೇ ಬಂದೆ.

ಕೊನೆಯ ಚಿತ್ರ ನೋಡಿದವರೆಲ್ಲ, “ಇದರಲ್ಲೇನಿದೆ?” ಅನ್ನುತ್ತಾರೆ. ಒಣಹುಲ್ಲಿನ ಬಯಲು, ದೂರದಲ್ಲೊಂದು ಚುಕ್ಕೆ. ಅದು ಗೋಡಾವಣ್, ರಾಜಸ್ಥಾನದ ರಾಜ್ಯಪಕ್ಷಿ. ಒಂದು ಮೀಟರ್ ಎತ್ತರ. ಗಂಡುಹಕ್ಕಿ 15 ಕಿಲೋವರೆಗೂ ತೂಗುತ್ತದೆ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲೂ ಬೆರಳೆಣಿಕೆಯಷ್ಟು ಕಾಣಿಸಿದ್ದವು. ದೇಶದಲ್ಲೇ ಈಗ ಉಳಿದಿರುವುದು 150ರ ಆಸುಪಾಸು, ಹೆಚ್ಚಿನವು ಜೈಸಲ್ಮೇರ್ ಸುತ್ತ. ನೆಲದ ಮೇಲೇ ಮೊಟ್ಟೆ, ಅದೂ ಸಾಮಾನ್ಯವಾಗಿ ಒಂದೇ. ಕಣ್ಣು ತಲೆಯ ಪಕ್ಕಗಳಲ್ಲಿರುವುದರಿಂದ ಎದುರಿನ ವಿದ್ಯುತ್ ತಂತಿ ಅದಕ್ಕೆ ಸರಿಯಾಗಿ ಕಾಣದು. ಭಾರದ ಮೈ, ಥಟ್ಟನೆ ತಿರುಗಲೂ ಆಗದು. ತಂತಿಗಳನ್ನು ನೆಲದಡಿ ಹಾಕಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಬಿಸಿಲಿನ ಕರೆಂಟು, ಗಾಳಿಯ ಕರೆಂಟು ದೇಶಕ್ಕೆ ಬೇಕು, ಬೇಡವೆನ್ನುವುದಿಲ್ಲ. ಸಮ್‌ನಲ್ಲಿ 2019ರಿಂದ ಮೊಟ್ಟೆಗಳನ್ನು ತಂದು, ಕಾವು ಕೊಟ್ಟು ಮರಿಗಳನ್ನು ಸಾಕುತ್ತಿದ್ದಾರೆ. ಆದರೆ ಬೆಳೆದ ಮರಿಗಳು ನಾಳೆ ಹಾರಬೇಕಾದ್ದು ಅದೇ ಆಕಾಶದಲ್ಲಿ ತಾನೇ?

ಚುಕ್ಕೆಯ ಮೇಲೆ ಅಡ್ಡಡ್ಡ ನಾಲ್ಕು ಗೆರೆ ಕಾಣುತ್ತವಲ್ಲ, ಅವು ತಂತಿಗಳು. ಪ್ರಿಂಟ್ ಹಾಕಿಸಲು ಕೊಟ್ಟಾಗ ಸ್ಟುಡಿಯೋ ಹುಡುಗ, “ಅಡ್ಡ ಬಂದಿದೆ, ಅಳಿಸಿ ಕೊಡ್ಲಾ ಮೇಡಂ?” ಅಂದ. ಬೇಡಪ್ಪ, ಹಾಗೇ ಇರಲಿ, ಸ್ವಲ್ಪ ದೊಡ್ಡದಾಗಿ ಹಾಕಿಕೊಡು ಅಂದೆ.