ಟ್ರಾಕ್ಟರಿನೊಡನೆ ನಾನೂರು ಕಿಲೋಮೀಟರು

ಮನೆ ಬದಲಾಯಿಸುವುದು ಪಟ್ಟಣವಾಸಿಗಳಿಗೆ ಒಂದು ಹಗಲಿನ ಕೆಲಸವಾದೀತು. ಬೇಸಾಯಗಾರನ ಪಾಡು ಹಾಗಲ್ಲ. ಪಾತ್ರೆ ಪಡಗ, ಹಾಸಿಗೆ ಹೊದಿಕೆಗಳೊಂದಿಗೆ ಉಳುವ, ಹರಗುವ, ಬಿತ್ತುವ ಸಾಧನಗಳೆಲ್ಲವೂ ಅವನ ಹಿಂದೆ ಬರಬೇಕು. ಹೊಲವೊಂದು ಮಾತ್ರ ಬಾರದು. ೨೦೨೩ನೆಯ ಇಸವಿಯ ಮೇ ತಿಂಗಳ ಕೊನೆಯಲ್ಲಿ ನಾವು ಪಾಂಡವಪುರದ ಸೀಮೆಯನ್ನು ಬಿಟ್ಟು ರಾಯಚೂರು ಜಿಲ್ಲೆಯ ಸಿಂಧನೂರಿಗೆ ಸಂಸಾರಸಮೇತ ತೆರಳಿದಾಗ ಈ ಮಾತಿನ ಅರ್ಥವು ನಮಗೆ ಚೆನ್ನಾಗಿ ಮನದಟ್ಟಾಯಿತು.

ಹೊರಡಲು ಕಾರಣವಾದದ್ದು ಹೊಸ ಸಂಗತಿಯೇನೂ ಅಲ್ಲ. ಮೂವರು ಸಹೋದರರಲ್ಲಿ ಪಾಲಾಗಿ ನಮ್ಮ ಭಾಗಕ್ಕೆ ಬಂದದ್ದು ಒಂದೂವರೆ ಎಕರೆ ನಾಲೆಬಯಲು. ಅದರ ಕ್ರಯದ ಹಣಕ್ಕೆ ಸಿಂಧನೂರಿನ ಕಡೆ ಅದಕ್ಕಿಂತ ಮಿಗಿಲಾದ ನೆಲ ದೊರೆಯಿತು. ಅಲ್ಲಿಯೂ ನಾಲೆಯ ನೀರೇ, ಬತ್ತದ ಗದ್ದೆಯೇ. ೧೯೧೧ರಲ್ಲಿ ಕೆಲಸವಾರಂಭವಾದ ಕನ್ನಂಬಾಡಿ ಕಟ್ಟೆಯ ನೀರನ್ನು ಬಿಟ್ಟು, ೧೯೫೩ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟಿನ ನೀರಿಗೆ ಹೋಗುತ್ತಿದ್ದೇವೆ, ಅಷ್ಟೇ ಎಂದು ನಾವು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಮಣ್ಣು ಬೇರೆ ಎಂಬುದನ್ನು ಬಲ್ಲೆವಾದರೂ ಅದನ್ನು ಕುರಿತು ಆಲೋಚಿಸಲಿಲ್ಲ.

ಟ್ರಾಕ್ಟರನ್ನು ಒಯ್ಯುವ ಬಗೆ ಹೇಗೆಂಬುದೇ ಮೊದಲ ಪ್ರಶ್ನೆಯಾಯಿತು. ಯಂತ್ರವು ತಾನೇ ಓಡಬಲ್ಲುದು. ಅದನ್ನು ಇನ್ನೊಂದು ಗಾಡಿಯ ಮೇಲೆ ಕೂರಿಸುವುದು ಕುದುರೆಯನ್ನು ಹೊತ್ತು ನಡೆದಂತೆ ಎಂದು ಊರಿನವರು ನಕ್ಕರು. ಆದರೆ ಲೆಕ್ಕ ಹಾಕಿ ನೋಡಿದಾಗ ಬೇರೆಯೇ ತೋರಿತು. ದಾರಿ ಸುಮಾರು ೪೦೦ ಕಿಲೋಮೀಟರು. ಟ್ರಾಕ್ಟರು ಗಂಟೆಗೆ ೨೫ ಕಿಲೋಮೀಟರಿನಂತೆ ನಡೆದರೂ ೧೬ ಗಂಟೆಗಳ ಕಾಲ ಒಬ್ಬನು ಅದರ ಮೇಲೆ ಕುಳಿತು ಮೈ ಕುಲುಕಿಸಿಕೊಳ್ಳಬೇಕು. ಕೆಸರಿಗಾಗಿ ಮಾಡಿದ ಟೈರಿನ ಹಲ್ಲುಗಳು ಬೇಸಿಗೆಯ ಕಾದ ಡಾಂಬರಿನ ಮೇಲೆ ಬೇಗನೆ ಸವೆಯುತ್ತವೆ. ಹೆದ್ದಾರಿಯಲ್ಲಿ ರಾತ್ರಿಯ ಹೊತ್ತು ಮೆಲ್ಲಗೆ ಸಾಗುವ ಗಾಡಿಗೆ ಹಿಂದಿನಿಂದ ಬರುವ ವಾಹನಗಳ ಭಯ ಬೇರೆ. ಕಡೆಗೆ ಲಾರಿಯೇ ಎಂದು ತೀರ್ಮಾನವಾಯಿತು.

ಲಾರಿಯ ಹಾಸು ೨೦ ಅಡಿ. ಟ್ರಾಕ್ಟರೊಂದೇ ೧೧ ಅಡಿಗೂ ಮಿಕ್ಕಿ ಜಾಗ ಹಿಡಿಯುತ್ತದೆ. ತೂಕ ಎರಡು ಟನ್ನಿನ ಸುಮಾರು. ಉಳಿದ ಸ್ಥಳದಲ್ಲಿ ರೋಟಾವೇಟರು, ಒಂಬತ್ತು ಹಲ್ಲಿನ ಕಲ್ಟಿವೇಟರು, ಎರಡು ನೇಗಿಲು, ಮಂಚ, ಬೀರು, ಒರಳು, ಅಡಿಗೆಯ ಸಾಮಾನು, ಮೂರು ಮೂಟೆ ರಾಗಿ. ಇವುಗಳ ಮೇಲೆ ನಮ್ಮ ತಾಯಿಯವರ ಮಣ್ಣಿನ ವಾಡೆ. ಎದೆಯೆತ್ತರದ ಆ ವಾಡೆಯಲ್ಲಿ ಮೂರು ತಲೆಮಾರು ರಾಗಿ ತುಂಬಿಟ್ಟಿದ್ದರಂತೆ. ಅದು ಬರುವುದಾದರೆ ಇನ್ನೇನಾದರೊಂದು ಉಳಿಯಬೇಕಿತ್ತು. ಕೆಸರು ಉಳುವಾಗ ಹಿಂಗಾಲಿಗಳಿಗೆ ತೊಡಿಸುವ, ಕೇಜ್‌ವೀಲು ಎಂಬ ಕಬ್ಬಿಣದ ಪಂಜರಗಾಲಿಗಳು ಒಂದು ಜೊತೆ ನಮ್ಮಲ್ಲಿದ್ದುವು. ಅವು ವಾಡೆಯಷ್ಟೇ ಜಾಗ ಹಿಡಿಯುವಂಥವು. ಇಡೀ ಒಂದು ಸಂಜೆ ಮನೆಯಲ್ಲಿ ಚರ್ಚೆ ನಡೆಯಿತು. ನಮ್ಮ ಮನೆಯಾಕೆ ಕಬ್ಬಿಣದ ಪಕ್ಷ, ತಾಯಿಯವರು ಮಣ್ಣಿನ ಪಕ್ಷ. ಮಣ್ಣೇ ಗೆದ್ದಿತು. ಗಾಲಿಗಳನ್ನು ನೆರೆಯವರೊಬ್ಬರು ಅರ್ಧ ಬೆಲೆಗೆ ಕೊಂಡರು. ಹಸುವನ್ನು ಅಣ್ಣನ ಕೊಟ್ಟಿಗೆಯಲ್ಲಿ ಬಿಟ್ಟೆವು. ಆ ಮಾತು ಇಲ್ಲಿ ಬೇಡ.

ಹೇರುವ ಕೆಲಸ ನಾವೆಣಿಸಿದ್ದಕ್ಕಿಂತ ಸುಲಭವಾಗಿ ಮುಗಿಯಿತು. ಜಾರದಿರಲೆಂದು ಹಿಂದಿನ ಟೈರುಗಳಲ್ಲಿ ತುಂಬಿದ್ದ ನೀರನ್ನು ಹಿಂದಿನ ದಿನವೇ ಇಳಿಸಿದ್ದೆವು. ಅದರಿಂದ ಕೆಲವು ಕ್ವಿಂಟಾಲು ಭಾರ ತಗ್ಗಿತು. ನಾಲೆಯ ಏರಿಗೆ ಲಾರಿಯ ಹಿಂಭಾಗವನ್ನು ತಾಗಿಸಿ ನಿಲ್ಲಿಸಿದಾಗ ಏರಿಯ ನೆತ್ತಿಯೂ ಲಾರಿಯ ಹಾಸೂ ಸರಿಸಮನಾದುವು. ಎರಡು ದಪ್ಪ ಹಲಗೆಗಳ ಮೇಲೆ ಟ್ರಾಕ್ಟರನ್ನು ಹಿಮ್ಮುಖವಾಗಿ ನಡೆಸಿದೆವು. ಕಡಿದಾದ ಹಲಗೆಯನ್ನು ಮುಮ್ಮುಖವಾಗಿ ಏರಿದರೆ ಮೂತಿ ಮೇಲೆದ್ದು ಯಂತ್ರವು ಹಿಂದಕ್ಕೆ ಮಗುಚುವುದುಂಟು. ಇದನ್ನು ಟ್ರಾಕ್ಟರುಳ್ಳವರೆಲ್ಲರೂ ನೆನಪಿನಲ್ಲಿಡತಕ್ಕದ್ದು. ಬ್ರೇಕನ್ನು ಬಿಗಿದು, ಗೇರಿನಲ್ಲಿಟ್ಟು, ಗಾಲಿಗಳ ಹಿಂದುಮುಂದಕ್ಕೆ ಮರದ ತುಂಡುಗಳನ್ನು ಕೊಟ್ಟು, ಅಚ್ಚಿಗೆ ಸರಪಣಿ ಸುತ್ತಿ, ಬ್ಯಾಟರಿಯ ತಂತಿಯನ್ನು ಕಳಚಿದೆವು. ವಾಡೆಯನ್ನು ಹುಲ್ಲು ಹಾಸಿ ಕೌದಿ ಹೊದಿಸಿ ರಾಗಿಯ ಮೂಟೆಗಳ ನಡುವೆ ಕೂರಿಸಿದೆವು.

ಮಕ್ಕಳೂ ಮನೆಯಾಕೆಯೂ ಮುಂಚಿತವಾಗಿ ಬಸ್ಸಿನಲ್ಲಿ ಹೊರಟುಹೋದರು. ತಾಯಿಯವರು ಮಾತ್ರ ವಾಡೆಯನ್ನು ಬಿಟ್ಟು ಬರಲೊಲ್ಲದೆ ನಮ್ಮೊಡನೆ ಲಾರಿಯ ಮುಂಭಾಗದಲ್ಲಿ ಕುಳಿತರು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ನಾಗಮಂಗಲ, ಚಿಕ್ಕನಾಯಕನಹಳ್ಳಿಗಳನ್ನು ದಾಟಿ ಹುಳಿಯಾರಿನಲ್ಲಿ ನಿಂತು ನೋಡಿದರೆ ಸರಪಣಿಗಳು ಸಡಿಲವಾಗಿ ಜೋಲುತ್ತಿವೆ! ಗಾಳಿ ತುಂಬಿದ ಟೈರುಗಳು ರಸ್ತೆಯ ಪ್ರತಿಯೊಂದು ಕುಲುಕಿಗೂ ಕುಗ್ಗಿ ಹಿಗ್ಗುವುದರಿಂದ ಎಷ್ಟು ಬಿಗಿದ ಸರಪಣಿಯೂ ಮೊದಲ ಕೆಲವು ಗಂಟೆಗಳಲ್ಲಿ ಹೀಗಾಗುತ್ತದೆಯಂತೆ. ಮತ್ತೆ ಬಿಗಿದೆವು. ಅಲ್ಲಿಂದ ಮುಂದೆ ತೆಂಗಿನ ತೋಟಗಳು ವಿರಳವಾಗುತ್ತ ಬಂದುವು.

ಹಿರಿಯೂರಿನಲ್ಲಿ ವೇದಾವತಿಯನ್ನು ದಾಟಿದೆವು. ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆ ಈ ಹೊಳೆಗೇ ಕಟ್ಟಿದ್ದು. ೧೯೩೩ರಲ್ಲಿ ಒಮ್ಮೆ ಕೋಡಿ ಹರಿದ ಅದು ಎಂಬತ್ತೊಂಬತ್ತು ವರ್ಷ ಸುಮ್ಮನಿದ್ದು ೨೦೨೨ರಲ್ಲಿ ಮತ್ತೆ ಹರಿದಿತ್ತು. ಉಪಾಹಾರದ ಅಂಗಡಿಯವರು ಆ ಸಂಭ್ರಮವನ್ನು ನಿನ್ನೆ ನಡೆದಂತೆ ಬಣ್ಣಿಸಿದರು. ನಾಲೆಬಯಲಿನಲ್ಲಿ ಹುಟ್ಟಿ ಬೆಳೆದ ನಮಗೆ ಕೋಡಿಯ ನೀರು ಅಷ್ಟು ದೊಡ್ಡ ಸುದ್ದಿಯಾಗಬಲ್ಲುದೆಂದು ತಿಳಿದಿರಲಿಲ್ಲ.

ಚಳ್ಳಕೆರೆಯ ಆಚೆ ಬಯಲೇ ಬಯಲು. ಬಳ್ಳಾರಿಗೆ ಮುನ್ನ ಕೆಲವು ಕಿಲೋಮೀಟರು ದಾರಿ ಆಂಧ್ರದ ನೆಲದಲ್ಲಿ ಹಾಯುತ್ತದೆ. ನಾಮಫಲಕಗಳೆಲ್ಲ ತೆಲುಗಾಗಿ, ಸ್ವಲ್ಪ ಹೊತ್ತಿನಲ್ಲಿಯೇ ಪುನಃ ಕನ್ನಡವಾಗುತ್ತವೆ. ಬಳ್ಳಾರಿಯ ಕೋಟೆಯ ಬಂಡೆ ನಡುಹಗಲ ಬಿಸಿಲಿಗೆ ಕಾದ ಬಾಣಲೆಯಂತೆ ಕಾಣುತ್ತಿತ್ತು. ೧೯೫೩ರ ಅಕ್ಟೋಬರಿಗೆ ಮೊದಲು ಈ ಊರು ಮದರಾಸಿಗೆ ಸೇರಿತ್ತು. ಸಿಂಧನೂರು ೧೯೫೬ರ ನವೆಂಬರಿನವರೆಗೆ ಹೈದರಾಬಾದಿಗೆ. ಒಂದೇ ಹಗಲಿನಲ್ಲಿ ಮೈಸೂರು, ಮದರಾಸು, ಹೈದರಾಬಾದುಗಳೆಂಬ ಹಿಂದಿನ ಮೂರು ಸೀಮೆಗಳನ್ನು ಹಾದುಹೋಗುತ್ತಿದ್ದೆವೆನ್ನಬಹುದು. ಬಳ್ಳಾರಿಯಲ್ಲಿ ಚಹದ ಅಂಗಡಿಯ ಹುಡುಗನು ಆಡಿದ ಕನ್ನಡವನ್ನು ಕೇಳಿ ತಾಯಿಯವರು, “ಇವನು ಬೈಯುತ್ತಿದ್ದಾನೆಯೆ?” ಎಂದು ಮೆಲ್ಲಗೆ ಕೇಳಿದರು. ಅವನು, ಪಾಪ, ಊಟವಾಯಿತೇ ಎಂದು ವಿಚಾರಿಸಿದ್ದನು.

ಸಿರುಗುಪ್ಪವನ್ನು ದಾಟಿ ಧಡೇಸೂಗೂರಿನ ಸೇತುವೆಯ ಮೇಲೆ ಬಂದಾಗ ತುಂಗಭದ್ರೆ ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಟ್ಟಿ ನಿಂತಿತ್ತು. ತಾಯಿಯವರು ಕೈಮುಗಿದು, “ಇಷ್ಟೇ ನೀರೆ?” ಎಂದರು. ನಾವು ಉತ್ತರ ಕೊಡಲಿಲ್ಲ.

ನಮ್ಮ ಹೊಸ ಹೊಲವಿದ್ದುದು ಒಂದು ಕ್ಯಾಂಪಿನ ಬಳಿ. ಈ ಸೀಮೆಯಲ್ಲಿ ಅನೇಕ ಹಳ್ಳಿಗಳ ಹೆಸರಿಗೆ ಕ್ಯಾಂಪೆಂಬ ಬಾಲವಿದೆ. ಅಣೆಕಟ್ಟಿನ ನೀರು ಬಂದ ತರುವಾಯ ಕರಾವಳಿಯ ಆಂಧ್ರದಿಂದ ಬಂದ ರೈತರು ಬೀಡುಬಿಟ್ಟ ಜಾಗಗಳು ಅವು. ೧೯೭೦ರ ಆಸುಪಾಸಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೂ ಇಲ್ಲಿಯೇ ನೆಲೆ ದೊರೆಯಿತು. ಅವರ ಊರುಗಳೂ ಕ್ಯಾಂಪುಗಳೇ. ಲಾರಿಯ ತುಂಬ ಸಾಮಾನು ತಂದ ನಮ್ಮನ್ನು ಇಲ್ಲಿ ವಲಸೆಗಾರರೆಂದು ಕರೆಯುವುದೂ ಒಂದು ಬಗೆಯ ಅತಿಶಯೋಕ್ತಿಯೇ ಸರಿ.

ಸಂಜೆ ಏಳಕ್ಕೆ ಲಾರಿ ನಿಂತಿತು. ಆಗ ನಮ್ಮ ಬುದ್ಧಿವಂತಿಕೆಯೆಲ್ಲ ಬಯಲಾಯಿತು. ಹೇರುವುದಕ್ಕೆ ಏರಿಯನ್ನು ಹುಡುಕಿದ್ದ ನಾವು ಇಳಿಸುವುದಕ್ಕೆ ಏನು ಗತಿಯೆಂದು ಆಲೋಚಿಸಿಯೇ ಇರಲಿಲ್ಲ! ಸುತ್ತ ಕಣ್ಣು ಹಾಯುವಷ್ಟು ದೂರವೂ ಅಂಗೈಯಂತೆ ಸಮತಟ್ಟಾದ ಕರಿಯ ನೆಲ. ನಾಲ್ಕಡಿ ಎತ್ತರದ ಹಾಸಿನಿಂದ ಎರಡು ಟನ್ನಿನ ಯಂತ್ರವನ್ನು ಬರಿಯ ಹಲಗೆಗಳ ಮೇಲೆ ಕತ್ತಲಲ್ಲಿ ಇಳಿಸಲು ಚಾಲಕನು ಒಪ್ಪಲಿಲ್ಲ. ಒಂದು ರಾತ್ರಿಯ ಬಾಡಿಗೆ ಹೆಚ್ಚಿಗೆ ತೆತ್ತು ಅಲ್ಲಿಯೇ ಮಲಗಿದೆವು.

ಬೆಳಗಾಗುತ್ತಲೆ ಕ್ಯಾಂಪಿನ ವೃದ್ಧರೊಬ್ಬರು ಬಂದು ಲಾರಿಯನ್ನು ಒಂದು ಸುತ್ತು ಹಾಕಿ ನೋಡಿದರು. ಬೇಸಿಗೆಯಾದುದರಿಂದ ನಾಲೆಗೆ ನೀರು ನಿಲ್ಲಿಸಿದ್ದರು. ಒಣಗಿದ ಉಪಕಾಲುವೆಯ ಪಕ್ಕದ ತಗ್ಗಿಗೆ ಲಾರಿಯ ಹಿಂಗಾಲಿಗಳನ್ನು ಇಳಿಸಿ ನಿಲ್ಲಿಸಿದರೆ ಹಾಸು ದಿಣ್ಣೆಯ ಮಟ್ಟಕ್ಕೆ ಬರುವುದೆಂದು ಅವರು ತೋರಿಸಿಕೊಟ್ಟರು. ನಾಲ್ಕು ಗುದ್ದಲಿಗಳ ಕೆಲಸ ಒಂದು ಗಂಟೆ ನಡೆಯಿತು. ಟ್ರಾಕ್ಟರು ಮೆಲ್ಲನೆ ಮುಂದೆ ನಡೆದು ದಿಣ್ಣೆಯ ಮೇಲೆ ಬಂದು ನಿಂತಿತು. ದಾರಿಯಲ್ಲಿ ಒರಳು ಉರುಳಿ ಅದರ ದೀಪದ ಗಾಜೊಂದು ಒಡೆದುಹೋಗಿತ್ತು. ವಾಡೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಸಾಮಾನೆಲ್ಲ ಇಳಿದ ಮೇಲೆ ವೃದ್ಧರು ಕೇಳಿದ ಮೊದಲ ಪ್ರಶ್ನೆ, “ಕೇಜ್‌ವೀಲೆಲ್ಲಿ?” ಎಂಬುದು. ನಮ್ಮೂರಿನ ಕೆಂಪು ಮಿಶ್ರಿತ ನೆಲದಲ್ಲಿ ಕೆಸರಿಗೆ ತಳವೊಂದಿರುತ್ತದೆ. ಇಲ್ಲಿಯ ಎರೆಮಣ್ಣಿಗೆ ನೀರು ಬಿದ್ದರೆ ತಳವೇ ಸಿಕ್ಕದು, ಪಂಜರಗಾಲಿಯಿಲ್ಲದ ಟ್ರಾಕ್ಟರು ಹೊಟ್ಟೆಯವರೆಗೆ ಹೂತುಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಮನೆಯಾಕೆ ನಮ್ಮ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಬಿಟ್ಟುಬಂದ ಗಾಲಿಗಳಿಗೆ ಬಂದಿದ್ದ ಹಣದ ಮೂರರಷ್ಟು ಕೊಟ್ಟು ಮಳೆಗಾಲಕ್ಕೆ ಮೊದಲೇ ಹೊಸ ಜೊತೆಯನ್ನು ಕೊಂಡುದಾಯಿತು. ತಾಯಿಯವರು ಆ ವಿಷಯವಾಗಿ ಈವರೆಗೂ ಒಂದು ಮಾತನ್ನೂ ಆಡಿಲ್ಲ. ವಾಡೆಯಲ್ಲಿ ಈಗ ಜೋಳವಿದೆ.

ಆ ದಿನವೇ ಕಲ್ಟಿವೇಟರನ್ನು ಜೋಡಿಸಲು ಕುಳಿತಾಗ ಕೈಯಲ್ಲಿದ್ದ ಸ್ಪ್ಯಾನರು ಜಾರಿ ಬಿದ್ದು ಮಾಯವಾಯಿತು. ಬೇಸಿಗೆಯಲ್ಲಿ ಎರೆನೆಲ ಬಾಯಿ ಬಿಟ್ಟ ಬಿರುಕು ಮೊಳಕೈ ಇಳಿಸಿದರೂ ತಳ ಸಿಕ್ಕದಷ್ಟು ಆಳವಾಗಿತ್ತು. ತಂತಿಯ ಕೊಕ್ಕೆಯಿಂದ ಹುಡುಗರು ಬಹಳ ಹೊತ್ತು ತಡಕಿದರು. ನೆರೆಯ ಕ್ಯಾಂಪಿನಿಂದ ಬೇರೊಂದು ಸ್ಪ್ಯಾನರನ್ನು ಕಡ ತಂದು ಕೆಲಸ ಮುಗಿಸಿದೆವು. ಜೂನಿನ ಮಳೆಗೆ ಆ ಬಿರುಕು ಮುಚ್ಚಿಹೋಯಿತು.