ಥೇಮ್ಸ್ ದಂಡೆಯ ನಾಲ್ಕು ಚಿಮ್ನಿಗಳು

ಲಂಡನ್ ನೋಡಲು ಹೋಗುವವರು ಬಕಿಂಗ್‌ಹ್ಯಾಮ್ ಅರಮನೆ, ಬಿಗ್ ಬೆನ್ ಗಡಿಯಾರ, ಟವರ್ ಸೇತುವೆ ಎಂದು ಪಟ್ಟಿ ಮಾಡಿಕೊಂಡಿರುತ್ತಾರೆ. ಆದರೆ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ನಾಲ್ಕು ಬಿಳಿ ಚಿಮ್ನಿಗಳನ್ನು ಹೊತ್ತು ನಿಂತಿರುವ ಬೃಹತ್ ಇಟ್ಟಿಗೆ ಕಟ್ಟಡವೂ ನೋಡಲೇಬೇಕಾದದ್ದು. ಅದರ ಹೆಸರು ಈಗಲೂ ಬ್ಯಾಟರ್ಸೀ ವಿದ್ಯುತ್ ಸ್ಥಾವರ. ಆದರೆ ಅಲ್ಲಿ ಈಗ ವಿದ್ಯುತ್ ತಯಾರಾಗುವುದಿಲ್ಲ. ಜಗತ್ಪ್ರಸಿದ್ಧ ಆ್ಯಪಲ್ ಕಂಪೆನಿಯ ಲಂಡನ್ ಕಚೇರಿ ಅಲ್ಲಿದೆ.

ಇದರ ನಿರ್ಮಾಣ ಆರಂಭವಾದದ್ದು 1929ರಲ್ಲಿ. ಮೊದಲು ಎದ್ದದ್ದು ಎರಡು ಚಿಮ್ನಿಗಳು. ಎರಡನೆಯ ಭಾಗ 1955ರಲ್ಲಿ ಪೂರ್ಣಗೊಂಡಾಗ ಅವು ನಾಲ್ಕಾದವು. ನದಿಯ ದಂಡೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಕಲ್ಲಿದ್ದಲು ಹಡಗಿನಲ್ಲಿ ನೇರವಾಗಿ ಬಾಗಿಲಿಗೇ ಬರುತ್ತಿತ್ತು, ಯಂತ್ರಗಳನ್ನು ತಣಿಸಲು ನೀರೂ ಧಾರಾಳವಾಗಿತ್ತು.

ಮನೆ ನಿಭಾಯಿಸುವ ಸಹೋದರಿಯರಿಗೆ ಖಂಡಿತ ಮೆಚ್ಚುಗೆಯಾಗುವ ಸಂಗತಿಯೊಂದಿದೆ. ವಿದ್ಯುತ್ ತಯಾರಿಸಿದ ಮೇಲೆ ಉಳಿಯುವ ಶಾಖವನ್ನು ಇಲ್ಲಿ ಪೂರ್ತಿ ವ್ಯರ್ಥವಾಗಲು ಬಿಡಲಿಲ್ಲ. 1950ರ ದಶಕದಲ್ಲಿ ನದಿಯ ಅಡಿಯಿಂದ ಹಾದ ಕೊಳವೆಗಳ ಮೂಲಕ ಬಿಸಿನೀರು ಎದುರು ದಂಡೆಯ ಪಿಮ್ಲಿಕೊಗೆ ಹೋಗುತ್ತಿತ್ತು. ಯುದ್ಧಾನಂತರ ಅಲ್ಲಿನ ನಗರಾಡಳಿತವು ಜನಸಾಮಾನ್ಯರಿಗಾಗಿ ಕಟ್ಟಿಸಿದ ಬಾಡಿಗೆ ಮನೆಗಳು ಚಳಿಗಾಲದಲ್ಲಿ ಬೆಚ್ಚಗಾಗುತ್ತಿದ್ದುದು ಹೀಗೆ.

ಸ್ಥಾವರದ ಮೊದಲ ಭಾಗ 1975ರಲ್ಲಿ, ಉಳಿದದ್ದು 1983ರಲ್ಲಿ ಮುಚ್ಚಿತು. 1980ರಲ್ಲೇ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ್ದರಿಂದ ಅದನ್ನು ಸುಲಭವಾಗಿ ಕೆಡವುವಂತಿರಲಿಲ್ಲ. ಮನೋರಂಜನಾ ಪಾರ್ಕ್ ಮಾಡುವ ಯೋಜನೆಯೊಂದು ಆರಂಭವಾಗಿ, ಛಾವಣಿ ತೆಗೆದ ಬಳಿಕ 1989ರಲ್ಲಿ ಹಣದ ಕೊರತೆಯಿಂದ ನಿಂತುಹೋಯಿತು. ಮಾಲಕರು ಬದಲಾಗುತ್ತಾ ಹೋದರು, ಕಟ್ಟಡ ಮಾತ್ರ ಮಳೆಗೆ ನೆನೆಯುತ್ತಾ ನಿಂತಿತು. ಕೊನೆಗೆ 2012ರಲ್ಲಿ ಅದನ್ನು ಕೊಂಡುಕೊಂಡದ್ದು ಮಲೇಷ್ಯಾದ ಸಂಸ್ಥೆಗಳು. ಆ ದೇಶದ ನೌಕರರ ಭವಿಷ್ಯನಿಧಿಯೂ ಅದರಲ್ಲಿ ಪಾಲುದಾರ.

ಒಳಗಿನ ಕಬ್ಬಿಣ ತುಕ್ಕು ಹಿಡಿದಿದ್ದ ಚಿಮ್ನಿಗಳನ್ನು ಕೆಡವಿ, ಅದೇ ಆಕಾರದಲ್ಲಿ ಮತ್ತೆ ಕಟ್ಟಲಾಯಿತು. 2022ರ ಅಕ್ಟೋಬರ್‌ನಲ್ಲಿ ಕಟ್ಟಡವು ಸಾರ್ವಜನಿಕರಿಗೆ ತೆರೆಯಿತು. ಟರ್ಬೈನ್‌ಗಳು ತಿರುಗುತ್ತಿದ್ದ ಸಭಾಂಗಣಗಳಲ್ಲಿ ಈಗ ಅಂಗಡಿ, ಹೋಟೆಲುಗಳಿವೆ. ಬಾಯ್ಲರ್‌ಗಳಿದ್ದ ಜಾಗದ ಮೇಲೆ ಕಚೇರಿಯ ಮಹಡಿಗಳು ಎದ್ದಿವೆ. ಒಂದು ಚಿಮ್ನಿಯೊಳಗಿನ ಗಾಜಿನ ಲಿಫ್ಟ್ ಟಿಕೆಟ್ ಪಡೆದವರನ್ನು 109 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. 2021ರಿಂದ ಸಮೀಪದಲ್ಲೇ ಸುರಂಗ ರೈಲು ನಿಲ್ದಾಣವೂ ಇದೆ.

ಈ ವೈಭವಕ್ಕೆ ಇನ್ನೊಂದು ಮಗ್ಗುಲಿದೆ. ಯೋಜನೆಯ 4,200ಕ್ಕೂ ಹೆಚ್ಚು ಮನೆಗಳಲ್ಲಿ 636 ಮನೆಗಳು ಸಾಧಾರಣ ಆದಾಯದವರ ಕೈಗೆಟಕುವ ದರದಲ್ಲಿರಬೇಕಿತ್ತು. ಆದರೆ 2017ರಲ್ಲಿ ಆ ಸಂಖ್ಯೆಯನ್ನು 386ಕ್ಕೆ ಇಳಿಸಲು ಸ್ಥಳೀಯ ಆಡಳಿತ ಒಪ್ಪಿಗೆ ನೀಡಿತು. ಖರ್ಚು ಹೆಚ್ಚಾಗಿದೆ ಎಂಬುದು ನಿರ್ಮಾಣ ಸಂಸ್ಥೆ ಕೊಟ್ಟ ಕಾರಣ. ಹೀಗೆ 250 ಕುಟುಂಬಗಳಿಗೆ ಸಿಗಬಹುದಾಗಿದ್ದ ಸೂರು ಕಾಗದದ ಮೇಲೆಯೇ ಅಳಿಸಿಹೋಯಿತು.

ಹಳೆಯ ಕಟ್ಟಡವನ್ನು ಉಳಿಸಿದ್ದು ಶ್ಲಾಘನೀಯ. ಇದ್ದುದನ್ನು ಪೋಲು ಮಾಡದೆ ಬಳಸುವುದು ಇಸ್ಲಾಮ್ ಮೆಚ್ಚುವ ಗುಣವೂ ಹೌದು. ಆದರೆ ಸಂಪತ್ತು ಅಲ್ಲಾಹನು ವಹಿಸಿಕೊಟ್ಟ ಅಮಾನತ್ ಎಂದೂ, ಅದರಲ್ಲಿ ನೆರೆಹೊರೆಯವರಿಗೂ ಬಡವರಿಗೂ ಹಕ್ಕಿದೆಯೆಂದೂ ನಂಬುವವರು ಗೋಡೆಗಳ ಅಂದವನ್ನಷ್ಟೇ ನೋಡಿ ತೃಪ್ತರಾಗಲಾರರು. ಹೊಗೆಯುಗುಳುತ್ತಿದ್ದ ಕಾಲದಲ್ಲೂ ಈ ಕಟ್ಟಡ ನದಿಯಾಚೆಯ ಸಾಮಾನ್ಯರ ಮನೆಗಳಿಗೆ ಬಿಸಿ ಹಂಚುತ್ತಿತ್ತು. ಈಗಿನ ಶುಭ್ರ ಚಿಮ್ನಿಗಳ ನೆರಳಿನಲ್ಲಿ ಅಂಥವರಿಗೆ ಎಷ್ಟು ಮನೆಗಳಿವೆ ಎಂಬುದನ್ನೂ ಅಲ್ಲಿಗೆ ಹೋದವರು ಕೇಳಿ ಬರಬೇಕು.