ಉಂಗುರಕ್ಕೆಷ್ಟು? ಡಬ್ಬಿಗೆಷ್ಟು?

ಸಿನಿಮಾದಲ್ಲಿ ಉಂಗುರ ತೊಡಿಸುವ ದೃಶ್ಯ ಬಂದಾಗ ಯಾವ ನಾಯಕಿಯಾದರೂ ಬಿಲ್ಲು ಕೇಳಿದ್ದನ್ನು ನೋಡಿದ್ದೀರಾ? ನಾನಂತೂ ನೋಡಿಲ್ಲ ಸ್ವಾಮೀ. ಸಿನಿಮಾ ನೋಡಿ, ಅದರ ಬಗ್ಗೆ ಬರೆದೇ ಹೊಟ್ಟೆ ಹೊರೆಯುವವನು ನಾನು. ನಾಯಕ ಜೇಬಿಗೆ ಕೈ ಹಾಕುತ್ತಾನೆ, ಡಬ್ಬಿ ತೆಗೆಯುತ್ತಾನೆ, ಪಿಟೀಲು ಮೊಳಗುತ್ತದೆ, ಹಾಡು ಶುರು! ಡಬ್ಬಿಯ ಮೇಲೆ ಯಾವ ಕಂಪೆನಿಯ ಹೆಸರಿತ್ತು, ಮಜೂರಿ ನೂರಕ್ಕೆ ಎಷ್ಟು, ಯಾರ ಹತ್ತಿರ ಸಾಲ ತಂದ... ಈ ತಲೆನೋವನ್ನೆಲ್ಲ ನಿರ್ದೇಶಕರು ಪರದೆಯ ಈಚೆ ಕೂತ ನಮಗೆ ಬಿಟ್ಟಿದ್ದಾರೆ.

ಈ ಸಲ ಆ ತಲೆನೋವು ನನ್ನ ಪಾಲಿಗೆ ಬಂದಿದೆ. ಹೌದು, ನಿಶ್ಚಿತಾರ್ಥ ಗೊತ್ತಾಗಿದೆ. ನಮ್ಮದು ಹೊನ್ನಾವರ, ಹುಡುಗಿ ಕುಮಟಾದವಳು. (ಅಭಿನಂದನೆಯ ಪತ್ರ ಆಮೇಲೆ ಬರೆಯಿರಿ, ಮೊದಲು ಇದನ್ನು ಓದಿ.) ನನ್ನ ಅಮ್ಮನ ಕಾಲದಲ್ಲಿ ನಿಶ್ಚಯ ಅಂದರೆ ತಾಂಬೂಲ, ತೆಂಗಿನಕಾಯಿ, ನಾಲ್ಕು ಜನ ಹಿರಿಯರ ಮಾತು, ಅಷ್ಟೇ. ಈಗ ಉಂಗುರ ಇಲ್ಲದಿದ್ದರೆ ಫೋಟೋದವನೇ ಒಪ್ಪುವುದಿಲ್ಲ! ಹುಡುಗಿಯ ಅಣ್ಣ ದುಬೈಯಲ್ಲಿದ್ದಾನೆ. ಭಾವ ಒಂದು ಚಿತ್ರ ಕಳಿಸಿದ. ವಿದೇಶಿ ಹೆಸರಿನ ಉಂಗುರ, ನಡುವೆ ಒಂಟಿ ವಜ್ರ. ಬೆಲೆ ನಮ್ಮ ದುಡ್ಡಿನಲ್ಲಿ ಎರಡು ಲಕ್ಷದ ಮೇಲೆ. "ಅರ್ಧ ನಾನು ಹಾಕ್ತೆ, ಅರ್ಧ ನೀವು ಹಾಕಿ. ನಾಲ್ಕು ಜನ ನೋಡುವ ವಸ್ತು ಮಾರಾಯ್ರೆ" ಎಂದ.

ಪಿಯುಸಿ ಅರ್ಧಕ್ಕೇ ಬಿಟ್ಟವನು, ಲೇಖನಕ್ಕಿಷ್ಟು ಎಂದು ಎಣಿಸಿ ತಿನ್ನುವವನು... ಒಂದು ಲಕ್ಷ ಎಲ್ಲಿಂದ ತರಲಿ? ತಂದರೂ ಮಿಕ್ಕ ಅರ್ಧಕ್ಕೆ ಜೀವನವಿಡೀ ಭಾವನ ಎದುರು ತಲೆ ತಗ್ಗಿಸಿ ಕೂರಬೇಕಲ್ಲ? ಹಾಗಾಗಿ ಬಸ್ಸು ಹತ್ತಿದೆ. ಭಟ್ಕಳದಿಂದ ಕುಮಟಾದವರೆಗೆ ಉಂಗುರದ ವಿಚಾರಣೆಗೇ ಎರಡು ವಾರ ಓಡಾಡಿದ್ದೇನೆ.

ಮೊದಲು ಭಟ್ಕಳ. ಅಲ್ಲಿ ನನ್ನ ಸ್ನೇಹಿತನೊಬ್ಬನಿದ್ದಾನೆ, ನನ್ನಷ್ಟೇ ಸಿನಿಮಾ ಹುಚ್ಚು. ಅವನ ಮದುವೆಗೆ ಕೊಲ್ಲಿಯಿಂದಲೇ ದೊಡ್ಡ ಹೆಸರಿನ ವಜ್ರದುಂಗುರ ಬಂದಿತ್ತು. ಎರಡು ವರ್ಷದ ಮೇಲೆ ಅಂಗಡಿಗೆ ಬಂಡವಾಳ ಬೇಕಾಯಿತು. ಹೆಂಡತಿಯೇ ಉಂಗುರ ತೆಗೆದುಕೊಟ್ಟಳು. ಪೇಟೆಯ ಮೂರು ಅಂಗಡಿ ತಿರುಗಿದ. ಮೂವರೂ ಮಾಡಿದ್ದು ಒಂದೇ ಕೆಲಸ: ತಕ್ಕಡಿಗೆ ಹಾಕಿದರು, ಕಲ್ಲಿನ ತೂಕ ಕಳೆದರು, ಚಿನ್ನಕ್ಕೆ ಮಾತ್ರ ದರ ಹೇಳಿದರು. ಡಬ್ಬಿ ತೋರಿಸಿದನಂತೆ. "ಡಬ್ಬಿ ಚೆನ್ನಾಗಿದೆ" ಎಂದರಂತೆ!

ಇದರಲ್ಲಿ ಆ ಅಂಗಡಿಯವರ ತಪ್ಪಿಲ್ಲ. ಲೆಕ್ಕ ಹಾಕಿ ನೋಡಿ. ವಜ್ರದುಂಗುರ ಸಾಮಾನ್ಯವಾಗಿ 18 ಕ್ಯಾರೆಟ್, ಅಂದರೆ ಸಾವಿರಕ್ಕೆ 750 ಪಾಲು ಚಿನ್ನ. 22 ಕ್ಯಾರೆಟ್ ಅಂದರೆ 916 ಪಾಲು. ಸುಲಭಕ್ಕೆ 22 ಕ್ಯಾರೆಟ್ಟಿಗೆ ಗ್ರಾಂಗೆ 10,000 ರೂಪಾಯಿ ಅಂದುಕೊಳ್ಳೋಣ. (2025ರಲ್ಲೇ 10 ಗ್ರಾಂ ಅಪರಂಜಿ ಲಕ್ಷ ದಾಟಿತು, ನೀವು ಓದುವ ಹೊತ್ತಿಗೆ ಎಷ್ಟೋ, ದೇವರೇ ಬಲ್ಲ.) ಆಗ 18 ಕ್ಯಾರೆಟ್ಟಿನ ಮೂರು ಗ್ರಾಂ ಉಂಗುರದಲ್ಲಿ ಚಿನ್ನ ಹೆಚ್ಚುಕಡಿಮೆ 24,500 ರೂಪಾಯಿಯದು. ಎರಡು ಲಕ್ಷದಲ್ಲಿ ಇಪ್ಪತ್ನಾಲ್ಕೂವರೆ ಸಾವಿರ! ಮಿಕ್ಕಿದ್ದು ಕಲ್ಲಿಗೆ, ಕೆಲಸಕ್ಕೆ, ಹೆಸರಿಗೆ. ಕಲ್ಲಿಗೆ ಜಿಐಎ ತರಹದ ಸಂಸ್ಥೆಯ ಸರ್ಟಿಫಿಕೇಟು ಇರುತ್ತದೆ, ಸರಿ. ಆದರೆ ಅದೇ ದರ್ಜೆಯ ಕಲ್ಲು, ಅದೇ ಸಂಸ್ಥೆಯ ಸರ್ಟಿಫಿಕೇಟಿನೊಡನೆ ಹೆಸರಿಲ್ಲದ ಅಂಗಡಿಯಲ್ಲೂ ಸಿಗುತ್ತದೆ. ಅಲ್ಲಿ ಡಬ್ಬಿಯ ಬಣ್ಣ ಬೇರೆ, ಅಷ್ಟೇ.

ವಜ್ರ ಇಲ್ಲದೆ ನಿಶ್ಚಯವೇ ಇಲ್ಲ ಎಂಬ ನಂಬಿಕೆ ಎಲ್ಲಿಂದ ಬಂತು ಗೊತ್ತೇ? ನಮ್ಮ ಶಾಸ್ತ್ರದಿಂದಲ್ಲ, ಜಾಹೀರಾತಿನಿಂದ. ಡಿ ಬಿಯರ್ಸ್ ಎಂಬ ವಜ್ರದ ಕಂಪೆನಿಗಾಗಿ ಫ್ರಾನ್ಸಿಸ್ ಗೆರೆಟಿ ಎಂಬಾಕೆ 1947ರಲ್ಲಿ ಒಂದು ಸಾಲು ಬರೆದಳು: ವಜ್ರ ಎಂದೆಂದಿಗೂ ಇರುವಂಥದ್ದು ಅಂತ. ಒಂದೇ ಸಾಲು! ಲೇಖನಕ್ಕೆ ನೂರಾರು ಸಾಲು ಬರೆಯುವ ನಮ್ಮಂಥವರು ಹೊಟ್ಟೆಕಿಚ್ಚು ಪಡಬೇಕು. ಎಂಬತ್ತರ ದಶಕದಲ್ಲಿ ಅದೇ ಕಂಪೆನಿ ಅಮೆರಿಕದ ಹುಡುಗರಿಗೆ 'ಎರಡು ತಿಂಗಳ ಸಂಬಳ ಉಂಗುರಕ್ಕೆ ಹಾಕು' ಎಂದು ಉಪದೇಶ ಮಾಡಿತು. ಸಂಬಳ ಇದ್ದವರಿಗೆ ಸರಿ. ನಮಗೆ?

ಇನ್ನು ಹೆಸರಿನ ಮಾತು. ಟಿಫಾನಿ ಎಂಬ ಅಮೆರಿಕದ ಒಡವೆ ಕಂಪೆನಿಯನ್ನು 2021ರಲ್ಲಿ ಫ್ರಾನ್ಸಿನ ಎಲ್‌ವಿಎಂಎಚ್ ಸುಮಾರು 1,580 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅಷ್ಟು ದುಡ್ಡು ಬರೀ ಚಿನ್ನಕ್ಕೂ ಗೋಡೆಗೂ ಕೊಟ್ಟದ್ದಲ್ಲ, ಆ ಹೆಸರಿಗೂ ಕೊಟ್ಟದ್ದು. ಅದು ಯಾರೋ ಹುಡುಗರ ಜೇಬಿನಿಂದಲೇ ವಾಪಸು ಬರಬೇಕಲ್ಲ! ತಮಾಷೆ ಏನೆಂದರೆ, ಅದೇ ಅಂಗಡಿಯ ಹೆಸರು ಹೊತ್ತ 1961ರ ಚಿತ್ರ 'ಬ್ರೇಕ್‌ಫಾಸ್ಟ್ ಅಟ್ ಟಿಫಾನೀಸ್'ನಲ್ಲಿ ನಾಯಕ ನಾಯಕಿಯರ ಬಳಿ ಖರ್ಚಿಗಿರುವುದು ಬರೀ ಹತ್ತು ಡಾಲರ್. ಕೊನೆಗೆ ತಿಂಡಿ ಪೊಟ್ಟಣದಲ್ಲಿ ಪುಕ್ಕಟೆ ಬಂದ ಉಂಗುರವನ್ನೇ ಅಲ್ಲಿ ಅಕ್ಷರ ಕೆತ್ತಲು ಕೊಡುತ್ತಾರೆ. ಆಡ್ರಿ ಹೆಪ್‌ಬರ್ನ್‌ಳೇ ಒಪ್ಪಿಕೊಂಡಿದ್ದಾಳೆ ನೋಡಿ!

ನಮ್ಮಲ್ಲೂ ಹೆಸರಿನ ಉಂಗುರದ ಕಥೆ ಇಲ್ಲವೇ? 1983ರ 'ಕವಿರತ್ನ ಕಾಳಿದಾಸ'ದಲ್ಲಿ ಅಣ್ಣಾವ್ರು ಕಾಳಿದಾಸನೂ ಹೌದು, ದುಷ್ಯಂತನೂ ಹೌದು. ಕಾಳಿದಾಸನ ಮೂಲ ನಾಟಕದಲ್ಲಿ ಆ ಉಂಗುರದ ಮೇಲೆ ರಾಜನ ಹೆಸರೇ ಕೆತ್ತಿತ್ತು. ಅದಕ್ಕಿಂತ ದೊಡ್ಡ ಬ್ರಾಂಡ್ ಬೇಕೇ? ಅಂಥ ಉಂಗುರ ಮೀನಿನ ಹೊಟ್ಟೆಯಲ್ಲಿ ಸಿಕ್ಕಾಗ ಮೊದಲು ಏಟು ಬಿದ್ದದ್ದು ಯಾರಿಗೆ? ಬಡ ಬೆಸ್ತನಿಗೆ. ನಿನ್ನ ಕೈಗೆ ಇದು ಹೇಗೆ ಬಂತು ಎಂದು ಕಾವಲುಗಾರರು ಹೆಡೆಮುರಿ ಕಟ್ಟಿದರು. ನಾನು ಕಡಲ ತಡಿಯವನು, ಈ ಸಂಗತಿ ಮರೆಯಲಾರೆ.

ನಗುವ ವಿಷಯ ಸಾಕು. ನಮ್ಮ ಅಣ್ಣ ಕಾಸರಕೋಡು ಬಂದರಿನಿಂದ ಹೋಗುವ ಬೋಟಿನಲ್ಲಿ ದುಡಿಯುತ್ತಾನೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟು ನೀರಿಗಿಳಿಯುವಂತಿಲ್ಲ. ಆಗ ಮನೆಗೆ ಅಕ್ಕಿ ತರುವುದು ಅತ್ತಿಗೆಯ ಬಳೆ. ಸೊಸೈಟಿಯಲ್ಲಿ ಅಡವು, ಮೀನು ಸಿಕ್ಕಿದ ಮೇಲೆ ಬಿಡುಗಡೆ. ನಮ್ಮ ಮನೆಯಲ್ಲಿ ಬಂಗಾರ ಅಂದರೆ ಇದು. ಮಳೆಗಾಲದಲ್ಲಿ ಅಡವು ಇಡಲು ಬಾರದ ಉಂಗುರ ನಮಗೆ ಯಾಕೆ ಹೇಳಿ?

ಬಸ್ಸು ಕರ್ಕಿ ದಾಟುವಾಗ ದೈವಜ್ಞರ ಮಠ ಕಾಣುತ್ತದೆ. ನಮ್ಮ ಜಿಲ್ಲೆಯ ಅಕ್ಕಸಾಲಿ ಮನೆತನಗಳ ಗುರುಪೀಠ. ಅಂಥ ಮನೆತನದ ಶೇಟರೊಬ್ಬರು ಕುಮಟಾದಲ್ಲಿದ್ದಾರೆ. ನಮ್ಮ ಅಜ್ಜಿಯ ಮೂಗುತಿಯೂ ಆ ಮನೆಯದೇ. ಹೋಗಿ ಕೂತೆ, ಭಾವನ ಚಿತ್ರ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿ, "ಕೆಲಸ ಚೆನ್ನಾಗಿದೆ ತಮಾ. ಕಲ್ಲು ಕೂಡಿಸಿದ್ದು ನೋಡು, ಇಷ್ಟು ನಾಜೂಕು ನನ್ನ ಕೈಯಲ್ಲಿ ಈಗ ಆಗ" ಎಂದರು. ಹೊಟ್ಟೆಕಿಚ್ಚಿಲ್ಲದ ಮಾತು. ನಾನೂ ಒಪ್ಪುತ್ತೇನೆ, ದೊಡ್ಡ ಅಂಗಡಿಯಲ್ಲಿ ನಯ ಇದೆ, ಆರಿಸಲು ನೂರು ಮಾದರಿ ಇದೆ. ಊರೂರು ತಿರುಗುವ ನೌಕರಿಯವರಿಗೆ ಎಲ್ಲ ಊರಲ್ಲೂ ಅದೇ ಅಂಗಡಿ ಸಿಗುವುದು ಅನುಕೂಲವೇ.

ಆದರೆ ಜನ ಹೆಸರಿಗೆ ದುಡ್ಡು ಕೊಡಲು ಶುರು ಮಾಡಿದ್ದು ನಯಕ್ಕಲ್ಲ, ಅಂಜಿಕೆಗೆ. ಎಲ್ಲಿ ತಾಮ್ರ ಹೆಚ್ಚು ಬೆರೆಸಿದ್ದಾರೋ ಎಂಬ ಅಂಜಿಕೆ. ಈಗ ಅದಕ್ಕೆ ಮದ್ದಿದೆ. 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು, ಮುಂದೆ ಹಂತ ಹಂತವಾಗಿ ಹಬ್ಬಿತು. 2023ರ ಏಪ್ರಿಲ್ 1ರಿಂದ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಬೇಕು. ಮೊಬೈಲಿನ 'ಬಿಐಎಸ್ ಕೇರ್' ಆ್ಯಪಿನಲ್ಲಿ ಆ ಗುರುತು ಹಾಕಿದರೆ ಅದು ಯಾರು ಮಾಡಿಸಿದ್ದು, ಎಷ್ಟು ಶುದ್ಧ ಎಂಬ ಜಾತಕವೇ ಬರುತ್ತದೆ. ಇದಕ್ಕೆ ಶುಲ್ಕ ಎಷ್ಟು? 2022ರಲ್ಲಿ ನಿಗದಿಯಾದದ್ದು ಒಂದು ಚಿನ್ನದ ಒಡವೆಗೆ 45 ರೂಪಾಯಿ, ಮೇಲೆ ತೆರಿಗೆ! ಒಂದು ಎಚ್ಚರಿಕೆ: ವರ್ಷಕ್ಕೆ 40 ಲಕ್ಷದೊಳಗಿನ ವಹಿವಾಟಿನ ಸಣ್ಣ ಅಂಗಡಿಗೆ ಈ ಕಡ್ಡಾಯದಿಂದ ವಿನಾಯಿತಿ ಇದೆ, ಎರಡು ಗ್ರಾಮಿನೊಳಗಿನ ಒಡವೆಗೂ ಇದೆ. ಹಾಗಾಗಿ ಬಾಯಿಬಿಟ್ಟು ಕೇಳಬೇಕು. ಕೇಳಿದೆ. ಶೇಟರು ಡ್ರಾಯರಿನಿಂದ ಹಾಲ್‌ಮಾರ್ಕ್ ಆದ ಉಂಗುರವನ್ನೇ ತೆಗೆದು ನನ್ನ ಕೈಗೆ ಭೂತಗನ್ನಡಿ ಕೊಟ್ಟರು.

ಅವರ ಮಜೂರಿ ನೂರಕ್ಕೆ ಎಂಟು. ನಾಲ್ಕು ಗ್ರಾಂ ಚಿನ್ನ 40,000, ಮಜೂರಿ 3,200, ತೆರಿಗೆ ನೂರಕ್ಕೆ ಮೂರು, ಒಟ್ಟು 44,496. ಮಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ ಇಂಥದೇ ಉಂಗುರಕ್ಕೆ ಮಜೂರಿ ನೂರಕ್ಕೆ ಇಪ್ಪತ್ತೆರಡು ಹೇಳಿದ್ದರು. ಅದೇ ದರದಲ್ಲಿ ಲೆಕ್ಕ ಹಾಕಿದರೆ 50,264. ಹೆಚ್ಚಿನ 5,768 ರೂಪಾಯಿ ಅಡವಿನ ತಕ್ಕಡಿಯಲ್ಲಿ ಕಾಣುವುದೇ ಇಲ್ಲ.

ಇಷ್ಟೆಲ್ಲ ಆದಮೇಲೆ ಹುಡುಗಿಯನ್ನೇ ಕೇಳಿದೆ. ಆಕೆ ಸೊಸೈಟಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ, ಪ್ರತಿ ಜೂನಿನಲ್ಲಿ ಬಂಗಾರದ ಸಾಲದ ಚೀಟಿ ಬರೆಯುವವಳು. "ನಮ್ಮಲ್ಲಿ ಉಂಗುರದ ಹೆಸರು ಓದೋರು ಯಾರೂ ಇಲ್ರಿ. ಕಲ್ಲು ಬೇಡ, ಕಲ್ಲಿದ್ರೆ ತೂಕ ಕಳೀಬೇಕು. ಎತ್ತರ ಮಾಡಿಸ್ಬೇಡಿ, ನೋಟು ಎಣಿಸುವಾಗ ಸಿಕ್ಕಿಕೊಳ್ತದೆ" ಎಂದಳು. ಆಮೇಲೆ, "ನನಗೆ ನಾಲ್ಕು ಗ್ರಾಂ ಆದ್ರೆ ನಿಮಗೂ ನಾಲ್ಕೇ" ಎಂದು ಸೇರಿಸಿದಳು. ಅಂದರೆ ನನ್ನ ಉಂಗುರದ ಖರ್ಚು ಅವಳ ಮನೆಯದು, ಅದೂ ಶೇಟರಲ್ಲೇ.

ಶೇಟರಿಗೆ ಮುಂಗಡ ಕೊಟ್ಟಾಯಿತು, ಬೆರಳಿನ ಅಳತೆಯೂ ಆಯಿತು. ಭಾವನಿಗೆ ಮಾತ್ರ ಇನ್ನೂ ಹೇಳಿಲ್ಲ. ಅವನ ತಂಗಿಯೇ ಹೇಳುತ್ತಾಳಂತೆ. ಅಲ್ಲಿಯವರೆಗೆ ಈ ಸಂಚಿಕೆಯನ್ನು ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಕೊಂಡವರು ಯಾರೂ ದುಬೈಗೆ ಹೋಗದಿದ್ದರೆ ಸಾಕು.